ಕೋಡಂಗಿ ತನ್ನ ಬಗ್ಗೆ ಹೇಳಿದ ನಾಲ್ಕು ಮಾತು

"ಅಜ್ಜಾರೆ, ಒಂದು ಸಂಜೆ ಕೂತರೆ ಬರೆದು ಬಿಸಾಕುವಂಥ ಎರಡು ಪುಟಕ್ಕೆ ಈಗಿನಿಂದಲೇ ಯಾಕೆ ಒದ್ದಾಡಬೇಕು?"

ಗುರುಗಳನ್ನು ಹೀಗೆ ಕೇಳಿದವನು ಗಾದಿಲಿಂಗ. ಮಠದ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ ತುಂಟ ಹುಡುಗ. ಅವನು ಎದ್ದು ನಿಂತು ಪ್ರಶ್ನೆ ಕೇಳಿದನೆಂದರೆ ಉಳಿದವರು ಮೊದಲು ಬಾಗಿಲ ಕಡೆ ತಿರುಗಿ ತಮ್ಮ ಚಪ್ಪಲಿಗಳು ಇಟ್ಟಲ್ಲೇ ಇವೆಯೇ ಎಂದು ನೋಡಿಕೊಳ್ಳುತ್ತಿದ್ದರು. ಆದರೆ ಅಂದು ಅವನು ತಮಾಷೆಗೆ ಕೇಳಿರಲಿಲ್ಲ. ದೂರದ ಊರಿನ ಒಂದು ಕಾಲೇಜಿಗೆ ಅವನು ಅರ್ಜಿ ಹಾಕಬೇಕಿತ್ತು. ಅಲ್ಲಿಯವರು ಅಂಕ ನೋಡಿ ಸುಮ್ಮನಾಗುವ ಪೈಕಿ ಅಲ್ಲ. ನೀನು ಯಾರು, ನಮ್ಮಲ್ಲಿಗೇ ಯಾಕೆ ಬರುತ್ತೀಯ, ನಿನ್ನದೇ ಮಾತಿನಲ್ಲಿ ಎರಡು ಪುಟ ಬರೆದು ಕಳಿಸು ಎನ್ನುವವರು. ಗಡುವು ಇದ್ದದ್ದು ದೀಪಾವಳಿ ಕಳೆದ ಮೇಲೆ. ಈಗಿನ್ನೂ ಶ್ರಾವಣ. ಗುರುಗಳು ಮಾತ್ರ ದಿನಾ ಪಂಕ್ತಿಯಲ್ಲಿ ಅವನ ಎದುರು ಬಂದಾಗ, "ಬರೆಯಲು ಕೂತೆಯೇನಪ್ಪಾ?" ಎಂದು ಕೇಳಿ, ಅವನ ತುತ್ತು ಗಂಟಲಲ್ಲೇ ನಿಲ್ಲುವಂತೆ ಮಾಡುತ್ತಿದ್ದರು.

"ಇದೇನು ಗಣಿತವೇ ಅಜ್ಜಾರೆ, ಅಭ್ಯಾಸ ಮಾಡುವುದಕ್ಕೆ? ನನ್ನ ಬಗ್ಗೆ ತಾನೆ ಬರೆಯಬೇಕಾದ್ದು? ಹುಟ್ಟಿದಾಗಿನಿಂದ ನಾನು ನನ್ನ ಜೊತೆಗೇ ಇದ್ದೇನೆ. ಒಂದು ದಿನವೂ ಬಿಟ್ಟು ಹೋಗಿಲ್ಲ."

ಗುರುಗಳು ನಕ್ಕರು. ಬಯ್ಯಲಿಲ್ಲ. ಕೂತುಕೋ ಎಂದು ಕೈ ಮಾಡಿ ಈ ಕತೆ ಹೇಳಿದರು.

ಒಂದು ಹಗಲುವೇಷದ ಮೇಳವಿತ್ತು. ಹಗಲುವೇಷದವರಿಗೆ ರಂಗಸ್ಥಳವಿಲ್ಲ, ಪರದೆಯಿಲ್ಲ. ಬಿಸಿಲಲ್ಲೇ ಬಣ್ಣ ಹಚ್ಚಿಕೊಂಡು ಮನೆ ಮನೆಯ ಬಾಗಿಲಿಗೆ ಹೋಗಿ ನಿಲ್ಲುವವರು ಅವರು. ಇವತ್ತು ರಾಜ, ನಾಳೆ ರಾಕ್ಷಸ, ನಾಡಿದ್ದು ದಫೇದಾರ. ಆ ಮೇಳದಲ್ಲಿ ಒಬ್ಬ ಕೋಡಂಗಿಯಿದ್ದ. ನಗಿಸುವುದು ಅವನ ಕೆಲಸ. ಮೀಸೆ ಆಗತಾನೇ ಚಿಗುರುತ್ತಿತ್ತು, ಬಾಯಿ ಮಾತ್ರ ಯಾವಾಗಲೋ ಬಲಿತಿತ್ತು. ಅವನು ಸುಂಕದವನ ವೇಷ ಹಾಕಿಕೊಂಡು ಹೋದಾಗ ಒಬ್ಬ ವರ್ತಕ ಅಂಗಡಿಯ ಹಿಂಬಾಗಿಲಿನಿಂದ ಓಡಿಹೋಗಿ ಬಣವೆಯ ಹಿಂದೆ ಅಡಗಿಕೊಂಡ. ಬಸುರಿಯ ವೇಷದಲ್ಲಿ ಹೋದಾಗ ಒಬ್ಬ ಮುದುಕಿ ಅವನ ಕೈ ಹಿಡಿದು ಒಳಗೆ ಕೂರಿಸಿ, ಸೂಲಗಿತ್ತಿಯನ್ನು ಕರೆಯಲು ಹೊರಟಳು. ಸೂಲಗಿತ್ತಿ ಬರುವ ಮೊದಲು ಅವನು ಕಿಟಕಿಯಿಂದ ಹಾರಿದ.

ಮೇಳಕ್ಕೆ ಒಂದು ಪದ್ಧತಿಯಿತ್ತು. ಒಂದು ಊರಿನಲ್ಲಿ ವೇಷ ಕಟ್ಟುವಷ್ಟು ದಿನವೂ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಕೊನೆಯ ದಿನ ಬಣ್ಣ ತೊಳೆದು, ಬರಿಯ ಮುಖದಲ್ಲಿ ಹೋಗಿ, ಇಷ್ಟು ದಿನ ನಿಮ್ಮನ್ನು ನಗಿಸಿದವರು ನಾವೇ ಎಂದು ಹೇಳಿ ಧಾನ್ಯ ಬೇಡಬೇಕು. ಆ ಕೊನೆಯ ದಿನ ಬಂತೆಂದರೆ ಕೋಡಂಗಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಚಾಪೆಯ ಮೇಲೆ ಉರುಳಾಡುತ್ತಿದ್ದ. ಮೇಳದವರು ಧಾನ್ಯದ ಮೂಟೆ ಹೊತ್ತು ಹಿಂತಿರುಗಿದ ಕೂಡಲೇ ನೋವು ಮಾಯ. ಎಲ್ಲರಿಗೂ ಇದು ಗೊತ್ತಿತ್ತು. ಯಾರೂ ಕೆದಕುತ್ತಿರಲಿಲ್ಲ.

ತಂದೆ ತಾಯಿ ಇಲ್ಲದ ಕೋಡಂಗಿಯನ್ನು ಸಾಕಿದವನು ಅವನ ಚಿಕ್ಕಪ್ಪ. ಮೇಳದ ರಾಕ್ಷಸ ಅವನೇ. ರಾಕ್ಷಸನ ಮುಖಕ್ಕೆ ಅರದಾಳ ಎಂಬ ಹಳದಿ ಕಲ್ಲನ್ನು ಅರೆದು ಬಳಿಯುತ್ತಾರೆ. ಆ ಹಳದಿ ಬಿಸಿಲಿಗೆ ಹೊಳೆಯುತ್ತದೆ, ನೋಡಿದ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾರೆ. ಆದರೆ ಅದು ಸೌಮ್ಯವಾದ ಬಣ್ಣವಲ್ಲ. ವರ್ಷಗಟ್ಟಲೆ ಬಳಿದು ಬಳಿದು ಚಿಕ್ಕಪ್ಪನ ಕಣ್ಣುಗಳ ಸುತ್ತ ಚರ್ಮ ಹುಣ್ಣಾಗಿತ್ತು. ನೋಟವೂ ಮಸುಕಾಗುತ್ತ ಬಂದಿತ್ತು. ಚಿಕ್ಕಪ್ಪ ಮಾತ್ರ ಬಣ್ಣದ ಹೆಸರು ಎತ್ತುತ್ತಿರಲಿಲ್ಲ. ಧೂಳು ಎನ್ನುತ್ತಿದ್ದ, ಸೊಳ್ಳೆ ಎನ್ನುತ್ತಿದ್ದ. ಅನ್ನ ಕೊಡುವ ಬಣ್ಣವನ್ನು ಆ ಮೇಳದಲ್ಲಿ ಯಾರೂ ಬಯ್ಯುವಂತಿರಲಿಲ್ಲ.

ನದಿಯಾಚೆ ಒಂದು ವೈದ್ಯಶಾಲೆಯಿತ್ತು. ಅಲ್ಲಿ ಕಣ್ಣಿನ ಮದ್ದು ಕಲಿಸುತ್ತಿದ್ದರು. ಕೋಡಂಗಿಗೆ ಅಲ್ಲಿ ಸೇರಬೇಕೆಂಬ ಆಸೆ. ಚಿಕ್ಕಪ್ಪನ ಕಣ್ಣು ಪೂರ್ತಿ ಆರಿಹೋಗುವ ಮೊದಲು ಅದಕ್ಕೊಂದು ದಾರಿ ಕಲಿಯಬೇಕು, ಅಷ್ಟೇ. ಸೇರುವ ಆಸೆ ಎಲ್ಲರಿಗೂ ಗೊತ್ತಿತ್ತು, ಅದರ ಕಾರಣವನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಬಣ್ಣದ ಮೇಲೆ ದೂರು ಹೇಳಿದಂತಾಗುತ್ತದೆ ಎಂಬ ಭಯ ಒಂದು ಕಡೆ. ಮನಸ್ಸಿನಲ್ಲಿದ್ದದ್ದನ್ನು ನೆಟ್ಟಗೆ ಹೇಳಲು ಅವನಿಗೆ ಬರುತ್ತಲೇ ಇರಲಿಲ್ಲ ಎಂಬುದು ಇನ್ನೊಂದು ಕಡೆ. ಅಳು ಬಂದರೂ ಅವನು ಅದನ್ನು ಸೀನಿನಂತೆ ಮಾಡಿ ಹೊರಗೆ ಹಾಕುವವನು. ಅಲೆದಾಟ ಸಾಕಾಗಿರಬೇಕು, ಅದಕ್ಕೇ ಓದಲು ಹೊರಟಿದ್ದಾನೆ ಎಂದು ಮೇಳದವರು ಮಾತಾಡಿಕೊಂಡರು. ಚಿಕ್ಕಪ್ಪನೂ ಹಾಗೆಯೇ ತಿಳಿದುಕೊಂಡಿದ್ದ. ತಿಳಿದುಕೊಂಡು, ಹೋಗಲಿ ಬಿಡು, ಹುಡುಗ ಚೆನ್ನಾಗಿರಲಿ ಎಂದುಕೊಂಡಿದ್ದ.

ವೈದ್ಯಶಾಲೆಗೆ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದದ್ದು ವರ್ಷಕ್ಕೆ ಒಂದು ಸಲ, ವಿಜಯದಶಮಿಯ ಮರುದಿನ. ಅಲ್ಲಿ ಕುಲ ಕೇಳುತ್ತಿರಲಿಲ್ಲ. ಶ್ಲೋಕ ಒಪ್ಪಿಸು ಎನ್ನುತ್ತಿರಲಿಲ್ಲ. ಅಂಗಳದ ಕಲ್ಲುಬೆಂಚಿನ ಮೇಲೆ ಕೂರಿಸಿ, ನೀನು ಯಾರು, ಇಲ್ಲಿಗೆ ಯಾಕೆ ಬಂದೆ, ಹೇಳು ಎನ್ನುತ್ತಿದ್ದರು. ಹಿರಿಯ ವೈದ್ಯೆಯೊಬ್ಬಳು ಚಾಪೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಒಬ್ಬನ ಮಾತನ್ನು ಅವಳು ಎರಡು ಸಲ ಮಾತ್ರ ಕೇಳುತ್ತಿದ್ದಳು. ಮೂರನೆಯ ಸಲ ಬಂದರೆ ಊಟ ಹಾಕಿ ಕಳಿಸುತ್ತಿದ್ದಳು.

ಆಷಾಢದ ಮಳೆ ಹಿಡಿಯಿತು. ಮಳೆಯಲ್ಲಿ ಹಗಲುವೇಷ ನಡೆಯುವುದಿಲ್ಲ, ರಾಕ್ಷಸ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ತೊಳೆದುಹೋಗಿ ಸಾಮಾನ್ಯ ಮನುಷ್ಯನಾಗಿಬಿಡುತ್ತಾನೆ. ಮೇಳ ಒಂದು ಛತ್ರದಲ್ಲಿ ಬೀಡುಬಿಟ್ಟಿತು.

"ಅಲ್ಲಿ ಹೋಗಿ ಏನು ಹೇಳುತ್ತೀಯ ಅಂತ ಈಗಿನಿಂದಲೇ ಸ್ವಲ್ಪ ನೋಡಿಕೋ" ಎಂದ ಚಿಕ್ಕಪ್ಪ.

"ರಾಜನ ಒಡ್ಡೋಲಗ, ರಾಕ್ಷಸನ ಅಬ್ಬರ, ಅತ್ತೆ ಸೊಸೆ ಜಗಳ, ಎಲ್ಲಾ ನನ್ನ ಬಾಯಲ್ಲೇ ಇದೆ ಚಿಕ್ಕಪ್ಪ. ನನ್ನ ಬಗ್ಗೆ ಹೇಳುವುದಕ್ಕೆ ಇನ್ನು ಯಾರ ಹತ್ತಿರ ಪದ ಬರೆಸಿಕೊಂಡು ಬರಲಿ? ಹಿಂದಿನ ದಿನ ನೋಡಿಕೊಂಡರೆ ಆಯಿತು."

ಆ ಮಳೆಗಾಲವನ್ನು ಅವನು ಮೇಕೆಯ ಕೊರಳಿಗೆ ಗೆಜ್ಜೆ ಕಟ್ಟಿ ಛತ್ರದವರ ನಿದ್ದೆ ಕೆಡಿಸುವುದರಲ್ಲಿ ಕಳೆದ. ವಿಜಯದಶಮಿಯ ದಿನ ನದಿಯ ದಡಕ್ಕೆ ನಡೆದು ಹೋಗುವಾಗ ಮೊದಲ ಸಲ ಯೋಚನೆ ಮಾಡಿದ. ನಾನು ಯಾರು? ಒಳಗಿನಿಂದ ಉತ್ತರ ಬರಲಿಲ್ಲ. ಕೋಡಂಗಿಗೆ ಸ್ವಲ್ಪ ಹೆದರಿಕೆಯಾಯಿತು. ಹೆದರಿಕೆಯಾದಾಗ ಅವನ ಕೈ ತಾನಾಗಿ ಬಣ್ಣದ ಪೆಟ್ಟಿಗೆಗೆ ಹೋಗುತ್ತಿತ್ತು. ಆ ದಿನ ಪೆಟ್ಟಿಗೆ ಜೊತೆಗಿರಲಿಲ್ಲ. ಆದರೆ ವೇಷ ಕಟ್ಟಲು ಬಣ್ಣವೇ ಬೇಕೆಂದಿಲ್ಲವಲ್ಲ. ಎಲ್ಲೋ ನೋಡಿದ್ದ ಒಬ್ಬ ಪಂಡಿತನ ನೆನಪಾಯಿತು. ದೋಣಿ ಆಚೆ ದಡ ಮುಟ್ಟುವ ಹೊತ್ತಿಗೆ ಮಾತು ಸಿದ್ಧವಾಗಿತ್ತು.

ಮರುದಿನ ಕಲ್ಲುಬೆಂಚಿನ ಮೇಲೆ ಕೂತ. ಕೆಮ್ಮಿದ. ಇಲ್ಲದ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಆಯುರ್ವೇದವೆಂಬ ಮಹಾಸಾಗರದ ದಡದಲ್ಲಿ ನಿಂತಿರುವ ಅಲ್ಪನಾದ ನಾನು ಎಂದು ಶುರು ಮಾಡಿದ. ಹಿರಿಯ ವೈದ್ಯೆಯ ತುಟಿಯ ಕೊನೆ ಅಲುಗಿತು. ಹಿಂದೆ ನಿಂತಿದ್ದ ವಿದ್ಯಾರ್ಥಿಯೊಬ್ಬ ಕಿಸಕ್ಕೆಂದ. ನಗು ಕೇಳಿದರೆ ಕೋಡಂಗಿಯ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅವನು ಇನ್ನೊಂದು ಕೆಮ್ಮು ಸೇರಿಸಿದ. ಮೂಗಿಗೆ ನಶ್ಯ ಏರಿಸಿದ. ಮಾತಿನ ನಡುವೆ ಪಂಡಿತನ ಸೀನೊಂದನ್ನು ಹಾಕಿದ. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ಬಿತ್ತು. ಹಿರಿಯ ವೈದ್ಯೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಳಗಿನಿಂದ ಒಂದು ಮೊರ ಅಕ್ಕಿ ತರಿಸಿ ಅವನ ಮುಂದೆ ಹಿಡಿದಳು.

"ಬಹಳ ಚೆನ್ನಾಗಿತ್ತಪ್ಪಾ. ಇಂಥ ಪಂಡಿತರು ನಮ್ಮಲ್ಲೂ ಒಬ್ಬಿಬ್ಬರು ಇದ್ದಾರೆ. ಈ ವರ್ಷ ಪಂಡಿತ ಬಂದ, ಮುಂದಿನ ವರ್ಷ ಆದರೆ ನೀನೂ ಬಾ."

ಇಲ್ಲಿ ಗಾದಿಲಿಂಗ ಜೋರಾಗಿ ನಕ್ಕ. ಗುರುಗಳು ಅವನ ನಗು ಮುಗಿಯುವವರೆಗೂ ಕಾದು, ಕತೆ ಮುಂದುವರಿಸಿದರು.

ಕೋಡಂಗಿ ಅಕ್ಕಿಯ ಗಂಟು ಹೊತ್ತು ದೋಣಿ ಹತ್ತಿದ. ಜನ್ಮದಲ್ಲಿ ಮೊದಲ ಸಲ ಅವನು ಬರಿಯ ಮುಖದಲ್ಲಿ ಧಾನ್ಯ ತೆಗೆದುಕೊಂಡಿದ್ದ. ಅದನ್ನೂ ವೇಷಕ್ಕಾಗಿಯೇ ತೆಗೆದುಕೊಂಡಿದ್ದ. ಮೇಳದ ಬಿಡಾರ ಸೇರಿದಾಗ ಚಿಕ್ಕಪ್ಪ ಗಂಟನ್ನು ಕೈಯಿಂದ ತಡವಿ ನೋಡಿದ. ಏನಾಯಿತೆಂದು ಅವನಿಗೆ ತಿಳಿಯಿತು. ಹಗಲುವೇಷದವನಿಗೆ ಅಕ್ಕಿ ಯಾವಾಗ ಸಿಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಲೆ ಹಚ್ಚು ಎಂದ, ಅಷ್ಟೇ. ಎಲ್ಲರೂ ಊಟಕ್ಕೆ ಕೂತರು.

"ಹಳೆಯ ಅಕ್ಕಿ. ಚೆನ್ನಾಗಿ ಅರಳಿದೆ" ಎಂದ ಕೋಡಂಗಿ.

ಯಾರೂ ನಗಲಿಲ್ಲ. ಅವನ ಮಾತಿಗೆ ಮೇಳ ನಗದೆ ಉಳಿದದ್ದು ಅದೇ ಮೊದಲು.

ಆ ವರ್ಷ ಕಳೆಯುವುದರೊಳಗೆ ಚಿಕ್ಕಪ್ಪನಿಗೆ ಮನೆಗಳ ಹೊಸ್ತಿಲು ಕಾಣದಾಯಿತು. ರಾಕ್ಷಸನ ವೇಷದಲ್ಲಿ ಹೋಗುವಾಗ ಅವನು ಕೋಡಂಗಿಯ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದ. ಮೆಟ್ಟಿಲು ಎಡವಿದರೆ ಕೋಡಂಗಿಯೂ ಬೇಕೆಂದೇ ಎಡವಿ ಬೀಳುತ್ತಿದ್ದ. ಇದೂ ಆಟದ ಭಾಗವೆಂದು ಜನ ಕೇಕೆ ಹಾಕುತ್ತಿದ್ದರು. ಕೋಡಂಗಿ ಎದ್ದು ಮಣ್ಣು ಕೊಡವಿಕೊಂಡು ಅವರಿಗೆ ಹಲ್ಲು ಕಿರಿಯುತ್ತಿದ್ದ.

ಮತ್ತೆ ಆಷಾಢ ಬಂತು. ಇನ್ನು ಉಳಿದದ್ದು ಒಂದೇ ಸಲದ ಅವಕಾಶ. ಅದನ್ನೂ ಕಳೆದುಕೊಂಡರೆ ಆ ಬಾಗಿಲು ಮುಚ್ಚಿದ ಹಾಗೆ. ಛತ್ರ ಸೇರಿದ ದಿನವೇ ಕೋಡಂಗಿ ಚಿಕ್ಕಪ್ಪನ ಎದುರು ಬಂದು ಚಕ್ಕಳಮಕ್ಕಳ ಹಾಕಿ ಕೂತ.

"ಚಿಕ್ಕಪ್ಪ, ನೀನು ವೈದ್ಯಶಾಲೆಯ ಆ ಮುದುಕಿ. ನಾನು ನಾನು. ಕೇಳು."

"ಹೂಂ. ನೀನು ಯಾರಪ್ಪಾ?"

ಕೋಡಂಗಿ ಬಾಯಿ ತೆರೆದ. ಬಂದದ್ದು ಕೆಮ್ಮು. ಪಂಡಿತ ಇನ್ನೂ ಅಲ್ಲೇ ಕೂತಿದ್ದ. ಅವನನ್ನು ಏಳಿಸಿ ಕಳಿಸಲು ಎಷ್ಟೋ ಮಧ್ಯಾಹ್ನಗಳು ಹಿಡಿದವು. ಅವನು ಹೋದ ಮೇಲೆ ಬಂದವನು ಒಬ್ಬ ಅನಾಥ. ಹೆತ್ತವರಿಲ್ಲ, ಊರಿಲ್ಲ, ಸೂರಿಲ್ಲ ಎಂದು ಶುರುವಿಟ್ಟ. ಚಿಕ್ಕಪ್ಪ ಕೇಳುತ್ತ ಕೇಳುತ್ತ ಅತ್ತೇಬಿಟ್ಟ. ಆಮೇಲೆ ಮೂಗು ಒರೆಸಿಕೊಂಡು, "ಹೇಳಿದ್ದೆಲ್ಲ ನಿಜ. ಆದರೆ ಹೇಳಿದವನು ಯಾರು? ಇದು ಕಾಡುಪಾಲಾದ ರಾಜಕುಮಾರನ ಧ್ವನಿ. ಹೋದ ವರ್ಷ ನಾನೇ ನಿನಗೆ ಕಲಿಸಿದ್ದು" ಎಂದ.

ಅನಾಥನ ಹಿಂದೆ ಒಬ್ಬ ವೀರ ಬಂದ. ನಾಡಿನ ರೋಗವನ್ನೆಲ್ಲ ಬೇರುಸಹಿತ ಕಿತ್ತು ಹಾಕುತ್ತೇನೆ ಎಂದು ಗುಡುಗಿದ. ಮೊದಲು ಆ ಗದೆ ಕೆಳಗಿಡಪ್ಪಾ, ಮುದುಕಿ ಹೆದರಿಕೊಂಡಾಳು ಎಂದ ಚಿಕ್ಕಪ್ಪ. ವೀರನ ಹಿಂದೆ ಒಬ್ಬ ವಿನಯವಂತ ಬಂದ. ನಾನೇನೂ ಅಲ್ಲ, ನಾನು ಬರಿಯ ಧೂಳು, ನಿಮ್ಮ ಪಾದದ ಧೂಳು ಎಂದು ಬಹಳ ಹೊತ್ತು ಹೇಳಿದ.

"ಧೂಳು ಇಷ್ಟು ಹೊತ್ತು ಮಾತಾಡುವುದಿಲ್ಲ ಮಗನೇ" ಎಂದ ಚಿಕ್ಕಪ್ಪ.

ಹೀಗೆ ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಾಗಿ ಎದ್ದು ಹೋದರು. ಶ್ರಾವಣವೂ ಕಳೆಯುತ್ತ ಬಂತು. ಕೊನೆಗೆ ಕೋಡಂಗಿಯೇ ಬಂದ. ತನ್ನನ್ನೇ ಗೇಲಿ ಮಾಡಿಕೊಂಡು, ತನ್ನ ಮೂಗನ್ನೂ ತನ್ನ ಹಸಿವನ್ನೂ ಆಡಿಕೊಂಡು, ಸೂಲಗಿತ್ತಿಯ ಕತೆ ಹೇಳಿ ಛತ್ರದವರನ್ನೆಲ್ಲ ಸುತ್ತ ಸೇರಿಸಿ ನಗಿಸಿದ. ಚಿಕ್ಕಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಕೋಡಂಗಿಗೆ ಖುಷಿಯಾಯಿತು. ಇದೇ ನಾನು, ಸಿಕ್ಕಿಬಿಟ್ಟೆ ಎಂದ.

ಚಿಕ್ಕಪ್ಪ ತಲೆಯಾಡಿಸಿದ. "ಇದೂ ಬಣ್ಣವೇ. ಬಹಳ ಹಳೆಯದು, ಚರ್ಮಕ್ಕೇ ಹಿಡಿದುಬಿಟ್ಟಿದೆ. ಇಂಥದನ್ನು ಉಜ್ಜಬಾರದು, ರಕ್ತ ಬರುತ್ತದೆ. ಎಣ್ಣೆ ಹಚ್ಚಿ ನೆನೆಯುವುದಕ್ಕೆ ಬಿಡಬೇಕು. ಇನ್ನು ಕೆಲವು ದಿನ ಏನೂ ಹೇಳಬೇಡ."

ಕೋಡಂಗಿಗೆ ಸಿಟ್ಟು ನೆತ್ತಿಗೇರಿತು. "ನಿನಗೆ ಹೊಸ್ತಿಲು ಕಾಣುವುದಿಲ್ಲ, ನನ್ನ ಮುಖದ ಬಣ್ಣ ಕಾಣುತ್ತದೋ?" ಎಂದುಬಿಟ್ಟ.

ಅಂದ ಮೇಲೆ ತನ್ನ ನಾಲಿಗೆಯನ್ನು ಕಚ್ಚಿಕೊಂಡ. ಚಿಕ್ಕಪ್ಪ ಗೋಡೆ ತಡವಿಕೊಂಡು ಒಳಗೆ ಹೋದ. ಕೋಡಂಗಿ ಆ ದಿನ ಊಟ ಮಾಡಲಿಲ್ಲ. ಮರುದಿನವೂ ಚಿಕ್ಕಪ್ಪನ ಎದುರು ಕೂರಲಿಲ್ಲ. ಮೇಕೆಯೂ ಗೆಜ್ಜೆಯಿಲ್ಲದೆ ನೆಮ್ಮದಿಯಿಂದ ಇತ್ತು.

ಭಾದ್ರಪದದಲ್ಲಿ ಮಳೆ ಬಿಡುವು ಕೊಟ್ಟಿತು. ಮೇಳ ಮತ್ತೆ ಊರೂರಿಗೆ ಹೊರಟಿತು. ಒಂದು ಸಂಜೆ ಆಟ ಮುಗಿಸಿ ಬಂದು ಕೋಡಂಗಿ ಎಂದಿನಂತೆ ಚಿಕ್ಕಪ್ಪನ ಮುಖದ ಬಣ್ಣ ತೆಗೆಯುತ್ತಿದ್ದ. ಕೊಬ್ಬರಿ ಎಣ್ಣೆ ಸವರಿ, ನೆನೆಯಲು ಬಿಟ್ಟು, ಹಳೆಯ ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ಒರೆಸುತ್ತಿದ್ದ. ಕಣ್ಣಿನ ಅಂಚಿಗೆ ಬಟ್ಟೆ ತಾಗಿದಾಗ ಚಿಕ್ಕಪ್ಪನ ಇಡೀ ಮೈ ನಡುಗಿತು.

"ಸೊಳ್ಳೆ" ಎಂದ ಚಿಕ್ಕಪ್ಪ.

ಕೋಡಂಗಿಯ ಕೈ ನಿಂತಿತು. ಅವನು ಏನನ್ನೂ ಹೇಳಬೇಕೆಂದು ಕೂತಿರಲಿಲ್ಲ. ಬಟ್ಟೆಯ ಕಡೆಗೆ ನೋಡುತ್ತ ಹೇಳಿದ.

"ಚಿಕ್ಕಪ್ಪ, ದಿನಾ ನಿನ್ನ ಮುಖ ಒರೆಸುವವನು ನಾನು. ಬಣ್ಣದ ಜೊತೆ ನಿನ್ನ ಚರ್ಮವೂ ಬರುತ್ತದೆ, ಆ ಬಟ್ಟೆಯನ್ನು ನಾನು ಯಾರಿಗೂ ಕಾಣದ ಹಾಗೆ ಒಗೆದುಬಿಡುತ್ತೇನೆ. ಇದಕ್ಕೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಗೊತ್ತಿರುವವರು ನದಿಯಾಚೆ ಇದ್ದಾರೆ."

ಚಿಕ್ಕಪ್ಪ ಅರ್ಧ ರಾಕ್ಷಸನಾಗಿ, ಅರ್ಧ ಮನುಷ್ಯನಾಗಿ ಹಾಗೆಯೇ ಕೂತಿದ್ದ.

"ನಮ್ಮ ಜೊತೆ ತಿರುಗುವುದಕ್ಕೆ ನಿನಗೆ ನಾಚಿಕೆ ಅಂದುಕೊಂಡಿದ್ದೆ" ಎಂದ ಆಮೇಲೆ.

"ಅದೂ ಇತ್ತು" ಎಂದ ಕೋಡಂಗಿ.

ಚಿಕ್ಕಪ್ಪ ಕೈ ಚಾಚಿ ಅವನ ಮುಖ ಹುಡುಕಿ ಕೆನ್ನೆ ತಟ್ಟಿದ.

"ಈಗ ಮಾತಾಡಿದ್ದು ಯಾರ ವೇಷ ಚಿಕ್ಕಪ್ಪ?"

"ತಿಳಿಯಲಿಲ್ಲ. ಈ ಧ್ವನಿ ನಮ್ಮ ಮೇಳದಲ್ಲಿ ಇಲ್ಲ."

ಇಷ್ಟಕ್ಕೇ ಕೆಲಸ ಮುಗಿಯಿತೆಂದು ಕೋಡಂಗಿ ತಿಳಿದ. ಮರುದಿನ ಅದೇ ಮಾತುಗಳನ್ನು ಮತ್ತೆ ಹೇಳಿ ತೋರಿಸಿದ. ಹಿಂದಿನ ಸಂಜೆ ಚಿಕ್ಕಪ್ಪನ ಮನಸ್ಸು ಕರಗಿತ್ತಲ್ಲ, ಅದಕ್ಕೇ ಚರ್ಮ ಎಂಬಲ್ಲಿ ಧ್ವನಿಯನ್ನು ಸ್ವಲ್ಪ ನಡುಗಿಸಿದ. ಗೊತ್ತಿಲ್ಲ ಎಂಬಲ್ಲಿ ಒಂದು ನಿಟ್ಟುಸಿರು ಬಿಟ್ಟ. ಚಿಕ್ಕಪ್ಪ ಕಿವಿ ಮುಚ್ಚಿಕೊಂಡು, "ಅಯ್ಯೋ ಪಾಪಿ, ಇದಕ್ಕೂ ಬಣ್ಣ ಬಳಿದುಬಿಟ್ಟೆಯಲ್ಲೋ" ಎಂದ. ಕೋಡಂಗಿಗೆ ತನ್ನ ಮೇಲೆಯೇ ನಗು ಬಂತು. ಆ ನಡುಕವನ್ನು ತೆಗೆಯಲು ಮತ್ತಷ್ಟು ಸಂಜೆಗಳು ಬೇಕಾದವು. ನಿಟ್ಟುಸಿರು ಇನ್ನೂ ಹಟ ಮಾಡಿತು. ನವರಾತ್ರಿ ಶುರುವಾಗುವ ಹೊತ್ತಿಗೆ ಅದೂ ಹೋಯಿತು. ಪುಣ್ಯಕ್ಕೆ ದಿನಗಳು ಉಳಿದಿದ್ದವು.

ವಿಜಯದಶಮಿಯ ಮರುದಿನ ಅವನು ಕಲ್ಲುಬೆಂಚಿನ ಮೇಲೆ ಕೂತ. ಹೋದ ವರ್ಷದ ಪಂಡಿತ ಬಂದಿದ್ದಾನೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ವಿದ್ಯಾರ್ಥಿಗಳು ಪಾಠ ಬಿಟ್ಟು ಅಂಗಳಕ್ಕೆ ಬಂದಿದ್ದರು. ಅಡುಗೆಯವನೂ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದ. ನಗಲು ಎಲ್ಲರ ಮುಖವೂ ಸಿದ್ಧವಾಗಿತ್ತು. ಕೋಡಂಗಿ ಅವರನ್ನೆಲ್ಲ ನೋಡಿದ. ಅವನ ಹೊಟ್ಟೆಯಲ್ಲಿ ನಿಜವಾದ ನೋವು ಎದ್ದಿತು. ಒಂದು ಸೀನು ಸೀನಿದರೆ ಸಾಕು, ಇಡೀ ಅಂಗಳ ಅವನದು. ಮೂಗಿನವರೆಗೆ ಹೋದ ಕೈಯನ್ನು ಕೆಳಗಿಳಿಸಿ ತೊಡೆಯ ಮೇಲೆ ಇಟ್ಟುಕೊಂಡ.

"ನಾನು ಹಗಲುವೇಷದವನು. ದಿನಾ ನನ್ನ ಚಿಕ್ಕಪ್ಪನ ಮುಖದ ಬಣ್ಣ ಒರೆಸುತ್ತೇನೆ, ಬಣ್ಣದ ಜೊತೆ ಕಣ್ಣಿನ ಸುತ್ತಲ ಚರ್ಮವೂ ಬರುತ್ತದೆ. ಇದಕ್ಕೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಅದಕ್ಕೆ ಬಂದೆ."

ಇಷ್ಟು ಹೇಳಿ ಸುಮ್ಮನಾದ. ಅಂಗಳ ಸೀನಿಗಾಗಿ ಕಾಯಿತು. ಸೀನು ಬರಲಿಲ್ಲ. ಚಪ್ಪಾಳೆಗೆ ಕೈ ಎತ್ತಿದ್ದವನೊಬ್ಬ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಹಿರಿಯ ವೈದ್ಯೆ ನಗಲಿಲ್ಲ. ಒಳಗಿನಿಂದ ಏನನ್ನೂ ತರಿಸಲಿಲ್ಲ.

"ಬೆಳಿಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆಯೋ, ಒಣಗಿರುತ್ತವೆಯೋ?" ಎಂದು ಕೇಳಿದಳು.

"ಅಂಟಿರುತ್ತವೆ. ಬಿಸಿನೀರಲ್ಲಿ ಬಿಡಿಸುತ್ತೇನೆ."

"ಬಿಸಿನೀರು ಬೇಡ. ಯಾಕೆ ಅಂತ ಹೇಳುತ್ತೇನೆ, ಇಲ್ಲಿ ಬಾ" ಎಂದು ಅವಳು ತಾನು ಕೂತಿದ್ದ ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟಳು.

ಕೋಡಂಗಿ ಹೋಗಿ ಕೂತ. ಆ ವಾರವೇ ಚಿಕ್ಕಪ್ಪನನ್ನು ದೋಣಿಯಲ್ಲಿ ಕರೆತಂದರು. ಚಿಕ್ಕಪ್ಪನ ಒಂದು ಕಣ್ಣು ಉಳಿಯಿತು. ಇನ್ನೊಂದಕ್ಕೆ ಒಂದು ವರ್ಷ ತಡವಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಗಾದಿಲಿಂಗ ನೆಲ ನೋಡುತ್ತ ಕೂತಿದ್ದ. ಅವನಿಗೆ ಸಮಾಧಾನವಾಗಿರಲಿಲ್ಲ. ಆ ಒಂದು ಕಣ್ಣು ಅವನನ್ನು ಚುಚ್ಚುತ್ತಿತ್ತು. ಎಲ್ಲೋ ಲೆಕ್ಕ ತಪ್ಪಿದೆ ಎನಿಸಿತು. ಈ ಸಲ ಮೆಲ್ಲಗೆ ಕೇಳಿದ.

"ಅಜ್ಜಾರೆ, ಕೊನೆಗೆ ಅವನು ಹೇಳಿದ್ದು ನಾಲ್ಕೇ ಮಾತು. ಅದೂ ಅವನಿಗೆ ಮೊದಲಿನಿಂದಲೂ ಗೊತ್ತಿದ್ದದ್ದೇ. ಅದನ್ನು ಮೊದಲ ವರ್ಷವೇ, ಹಿಂದಿನ ದಿನ ದೋಣಿಯಲ್ಲಿ ಕೂತು ನೆನಪು ಮಾಡಿಕೊಂಡು ಹೇಳಬಹುದಿತ್ತು. ಆ ನಾಲ್ಕು ಮಾತಿಗೆ ಒಂದು ದಿನ ಸಾಕಿತ್ತಲ್ಲವೇ?"

"ಅವನ ಮಾತಿಗೆ ಒಂದು ದಿನವೂ ಬೇಕಿರಲಿಲ್ಲ ಗಾದಿಲಿಂಗ, ಆದರೆ ಆ ಪಂಡಿತನಿಂದ ಹಿಡಿದು ಅವನಿಗಿಂತ ಮುಂದೆ ನಿಂತಿದ್ದವರೆಲ್ಲ ಮೊದಲು ಮಾತಾಡಿ ಮುಗಿಸಬೇಕಿತ್ತು" ಎಂದರು ಗುರುಗಳು.

ಗಾದಿಲಿಂಗ ಎದ್ದು ಕಾಗದ ಹುಡುಕಲು ಹೊರಟ.